ಕೋಟಿನ ಬಸಿರು

ಬೆಳಗ್ಗೆ ಎಂಟೂವರೆಗೆ ನಾಳೆ ಮಾಸ್ಟ್ರು ತಮ್ಮ ಹೊಲಿಗೆ ಅಂಗಡಿಯ ಕಿಟಕಿ ಪಕ್ಕದ ಮೊಳೆಯಿಂದ ಕೋಟು ಇಳಿಸಿದರು. ಭುಜಕ್ಕೆ ಬ್ರಷ್ ಹೊಡೆದರು, ಬೆನ್ನಿಗೆ ಹೊಡೆದರು, ಬಲಗಡೆಯ ಜೇಬಿನ ಹತ್ತಿರ ಬಂದರು. ಅಲ್ಲಿಗೆ ಅವರ ಕೈ ನಿಂತುಹೋಯಿತು.

ಜೇಬಿನ ಮುಚ್ಚಳದ ಮೇಲೆ ಏನೋ ಅಂಟಿಕೊಂಡಿತ್ತು. ಹೆಬ್ಬೆರಳ ತುದಿಯಷ್ಟು ಗಾತ್ರ, ಒಣಹುಲ್ಲಿನ ಬಣ್ಣ. ಯಾರೋ ಗಡ್ಡಕ್ಕೆ ಹಚ್ಚುವ ನೊರೆಯನ್ನು ಮೆತ್ತಿ ಒಣಗಲು ಬಿಟ್ಟ ಹಾಗಿತ್ತು. ಮಾಸ್ಟ್ರು ಉಗುರಿನಿಂದ ಮೆಲ್ಲಗೆ ಎಬ್ಬಿಸಲು ನೋಡಿದರು. ಅದು ಏಳಲಿಲ್ಲ. ಬಟ್ಟೆಯ ನಾಲ್ಕು ರೋಮ ಮಾತ್ರ ಕಿತ್ತು ಉಗುರಿಗೆ ಬಂತು. ತಮ್ಮ ಮೀಸೆಯನ್ನೇ ಕಿತ್ತವರಂತೆ "ಅಯ್ಯೋ!" ಎಂದರು.

ಬೇರೆ ಯಾರ ಕೋಟಾಗಿದ್ದರೂ ಅವರು ಇಷ್ಟು ಗಾಬರಿಯಾಗುತ್ತಿರಲಿಲ್ಲ. "ನಾಳೆ ಬನ್ನಿ" ಎಂದು ಹೇಳಿ ಚಹಾ ಕುಡಿಯಲು ಹೋಗುತ್ತಿದ್ದರು. ಇಪ್ಪತ್ತು ವರ್ಷದಿಂದ ಆ ಅಂಗಡಿಯಲ್ಲಿ ಸದಾ ತಯಾರಿರುತ್ತಿದ್ದದ್ದು ಆ ಮಾತೊಂದೇ. ಶಾಲೆ ಶುರುವಾಗುವ ದಿನಕ್ಕೆಂದು ಒಪ್ಪಿಕೊಂಡ ಸಮವಸ್ತ್ರವನ್ನು ಅವರು ಪರೀಕ್ಷೆಯ ಹೊತ್ತಿಗೆ ಕೊಟ್ಟದ್ದುಂಟು. ಒಬ್ಬರ ಪ್ಯಾಂಟು ಮುಗಿಯುವಷ್ಟರಲ್ಲಿ ಅವರ ಸೊಂಟದ ಅಳತೆಯೇ ಬದಲಾಗಿ ಮತ್ತೆ ಮೊದಲಿನಿಂದ ಶುರುಮಾಡಿದ್ದುಂಟು. ಆದರೆ ಹೊಲಿಗೆಯಲ್ಲಿ ಬೆರಳಿಟ್ಟು ತೋರಿಸುವಂಥ ಒಂದು ತಪ್ಪೂ ಇರುತ್ತಿರಲಿಲ್ಲ. ಅದಕ್ಕೇ ಬೀದಿಯ ಜನ ನಾಳೆ ಮಾಸ್ಟ್ರು ಎಂದು ಹೆಸರಿಟ್ಟು, ಬೈದುಕೊಂಡು, ಮತ್ತೆ ಅಲ್ಲಿಗೇ ಬಟ್ಟೆ ತರುತ್ತಿದ್ದರು.

ಆದರೆ ಇದು ನರ್ಸಮ್ಮನ ಕೋಟು.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಾಸ್ಟ್ರ ಮಗಳು ಹೆರಿಗೆ ಆಸ್ಪತ್ರೆಯಲ್ಲಿ ಹುಟ್ಟಿದಾಗ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ನರ್ಸಮ್ಮ ಮಗುವನ್ನು ಅಂಗೈ ಮೇಲೆ ಮಲಗಿಸಿಕೊಂಡು ಬೆನ್ನು ತಿಕ್ಕಿದರು, ಅಂಗಾಲು ತಟ್ಟಿದರು, ಬಾಯಿಗೆ ಬಾಯಿಟ್ಟು ಉಸಿರು ಊದಿದರು. "ಅಳೇ, ಒಂದ್ಸಲ ಅಳೇ ನನ್ನಮ್ಮಾ" ಎನ್ನುತ್ತ ಹದಿನಾಲ್ಕು ನಿಮಿಷ ಪಟ್ಟು ಬಿಡಲಿಲ್ಲ. ಬಾಗಿಲ ಹೊರಗೆ ಗೋಡೆ ಗಡಿಯಾರವನ್ನೇ ನೋಡುತ್ತ ನಿಂತಿದ್ದ ಮಾಸ್ಟ್ರಿಗೆ ಆ ಒಂದೊಂದು ನಿಮಿಷವೂ ಇವತ್ತಿಗೂ ನೆನಪಿದೆ. ಹದಿನೈದನೆಯ ನಿಮಿಷಕ್ಕೆ ಮಗು ಅತ್ತಿತು. ಅಂದು ತೆರೆದ ಬಾಯನ್ನು ಅವಳು ಇನ್ನೂ ಮುಚ್ಚಿಲ್ಲ. ಈಗ ಮೂರನೆಯ ತರಗತಿ, ನಿದ್ದೆಯಲ್ಲೂ ಮಾತಾಡುತ್ತಾಳೆ.

ಆವತ್ತೇ ಮಾಸ್ಟ್ರು ನರ್ಸಮ್ಮನ ಎರಡೂ ಕೈ ಹಿಡಿದುಕೊಂಡು, "ಅಮ್ಮಾ, ನನ್ ಹತ್ರ ಬೇರೇನೂ ಇಲ್ಲ. ನಿಮಗೊಂದು ಕೋಟು ಹೊಲಿದು ಕೊಡ್ತೀನಿ. ಅಂಥ ಕೋಟು ಈ ಊರಲ್ಲಿ ಯಾರ ಮೈಮೇಲೂ ಇರಬಾರದು" ಎಂದಿದ್ದರು.

"ಯಾವಾಗ ಕೊಡ್ತೀಯಪ್ಪಾ?" ಎಂದು ನರ್ಸಮ್ಮ ನಕ್ಕಿದ್ದರು.

ಮಾಸ್ಟ್ರು ಏನು ಹೇಳಿದ್ದರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಎಂಟು ವರ್ಷದ ಆ ನಾಳೆ ಇವತ್ತು ಬಂದಿತ್ತು. ಭಾನುವಾರ, ಸಂಜೆ ನಾಲ್ಕಕ್ಕೆ ಆಸ್ಪತ್ರೆಯ ಮಹಡಿ ಮೇಲಿನ ಹಾಲ್‌ನಲ್ಲಿ ನರ್ಸಮ್ಮನಿಗೆ ಬೀಳ್ಕೊಡುಗೆ. ಮಂಗಳವಾರ ಬೆಳಗ್ಗೆ ಅವರು ದೂರದ ಚಳಿಯ ಊರಿನಲ್ಲಿರುವ ಅಕ್ಕನ ಮನೆಗೆ ಹೊರಟುಬಿಡುವವರು, ಇನ್ನು ಅಲ್ಲೇ ವಾಸ. ಇವತ್ತು ಕೊಡದಿದ್ದರೆ ಇನ್ನು ಕೊಟ್ಟ ಹಾಗೆಯೇ.

ಮಾಸ್ಟ್ರು ಈ ಸಲ ಸೋಮಾರಿತನ ಮಾಡಿರಲಿಲ್ಲ. ಒಳ್ಳೆಯ ಉಣ್ಣೆ ಬಟ್ಟೆ ತಂದಿದ್ದರು. ಅದರ ಮೇಲೆ ಬೆಕ್ಕಿನ ಬೆನ್ನಿನ ಹಾಗೆ ಸಣ್ಣ ರೋಮ. ಮೇಲಿಂದ ಕೆಳಕ್ಕೆ ಸವರಿದರೆ ಕಡುನೀಲಿ, ಕೆಳಗಿಂದ ಮೇಲಕ್ಕೆ ಸವರಿದರೆ ಬೂದುನೀಲಿ. ಇಂಥ ಬಟ್ಟೆ ಕತ್ತರಿಸುವಾಗ ಪ್ರತಿಯೊಂದು ತುಂಡಿನ ರೋಮವೂ ಒಂದೇ ದಿಕ್ಕಿಗೆ ಬೀಳಬೇಕು, ಒಂದು ತುಂಡು ತಲೆಕೆಳಗಾದರೂ ಬೆಳಕಿನಲ್ಲಿ ಬೇರೆ ಬಣ್ಣವಾಗಿ ಎದ್ದು ಕಾಣುತ್ತದೆ. ಮಾಸ್ಟ್ರು ಕತ್ತರಿ ಹಿಡಿಯುವ ಮೊದಲು ಒಂದು ವಾರ ಬಟ್ಟೆಯನ್ನು ಸವರುತ್ತಲೇ ಕೂತಿದ್ದರು. ಕೊನೆಗೆ, ಜೀವಮಾನದಲ್ಲಿ ಮೊದಲ ಸಲ, ಬೀಳ್ಕೊಡುಗೆಯ ದಿನಕ್ಕಿಂತ ಒಂದೂವರೆ ತಿಂಗಳು ಮುಂಚೆ ಕೆಲಸ ಮುಗಿಸಿ ಕೋಟನ್ನು ಕಿಟಕಿ ಪಕ್ಕ ತೂಗುಹಾಕಿದ್ದರು. ಎಡಭಾಗ ತಮ್ಮ ಕಡೆಗೆ, ಬಲಭಾಗ ಕಿಟಕಿಯ ಕಡೆಗೆ. ಮುಂಚೆ ಮುಗಿಸಿದ್ದೇ ತಪ್ಪಾಯಿತು.

"ಏನ್ ಮಾಸ್ಟ್ರೇ, ಬೆಳಬೆಳಗ್ಗೆ ಅಯ್ಯೋ ಅಂತಿದೀರಿ?" ಎಂದು ಮೊದಲು ಬಂದವರು ಪಕ್ಕದ ಇಸ್ತ್ರಿ ಮಾಮ. ಕನ್ನಡಕ ಹಣೆಗೆ ಏರಿಸಿ ಬಗ್ಗಿ ನೋಡಿದರು. "ಇದು ಮೇಣ. ನಂಗೊತ್ತು. ಮೇಲೊಂದು ಕಾಗದ ಇಟ್ಟು ಬಿಸಿ ಇಸ್ತ್ರಿ ಒತ್ತಿದ್ರೆ ಕರಗಿ ಕಾಗದಕ್ಕೆ ಬರುತ್ತೆ."

"ಮೇಣ ಅಂತೆ ಮೇಣ!" ಎದುರಿನ ಸೈಕಲ್ ರಿಪೇರಿಯವನು ಕೈಯಲ್ಲಿದ್ದ ಸ್ಪ್ಯಾನರ್ ಸಮೇತ ಒಳಗೆ ಬಂದ. ಅವನನ್ನು ಎಲ್ಲರೂ ಪಂಚರ್ ಎಂದೇ ಕರೆಯುತ್ತಿದ್ದರು. "ಇದು ಗಮ್ಮು ಕಣ್ರೀ ಮಾಮ. ದಿನಾ ಟ್ಯೂಬಿಗೆ ಹಚ್ತೀನಿ, ನಂಗೆ ಗೊತ್ತಾಗಲ್ವಾ? ಎರಡು ತೊಟ್ಟು ಪೆಟ್ರೋಲ್ ಬಿಟ್ರೆ ಕೈಬಿಟ್ಟು ಬರುತ್ತೆ."

"ಉಣ್ಣೆಗೆ ಪೆಟ್ರೋಲಾ? ತಲೆ ನೆಟ್ಟಗಿದೆಯೇನೋ ನಿಂದು?"

"ಉಣ್ಣೆಗೆ ನಿಮ್ ಕೆಂಡದ ಇಸ್ತ್ರಿಗಿಂತ ವಾಸಿ."

ಇಬ್ಬರೂ ಕೋಟಿನ ಒಂದೊಂದು ತೋಳು ಹಿಡಿದುಕೊಂಡರು. ಮಾಸ್ಟ್ರು ನಡುವೆ ನಿಂತು ಇಬ್ಬರ ಬೆರಳನ್ನೂ ಒಂದೊಂದಾಗಿ ಬಿಡಿಸುತ್ತಿರುವಾಗ ಮೂಲೆ ಔಷಧಿ ಅಂಗಡಿಯ ಮೆಡಿಕಲ್ ಅಕ್ಕ ಬಂದರು. ಅವರು ಕಾಲೇಜಿನಲ್ಲಿ ವಿಜ್ಞಾನ ಓದಿದವರು. ಬೀದಿಯಲ್ಲಿ ಯಾರಿಗೆ ಹಾವು ಕಂಡರೂ, ಅಣಬೆ ಎದ್ದರೂ ತೀರ್ಪು ಅವರದೇ. ಅವರು ಅದನ್ನು ಮುಟ್ಟಲಿಲ್ಲ, ಉಸಿರು ಬಿಗಿಹಿಡಿದು ನೋಡಿದರು, ಆಮೇಲೆ ಎರಡೂ ಕೈ ಅಡ್ಡ ಚಾಚಿ ನಿಂತರು.

"ಯಾರೂ ಕೈ ಹಚ್ಚಬೇಡಿ. ಇದು ಮೊಟ್ಟೆಗೂಡು!"

"ಯಾವ ಹಕ್ಕೀದು?" ಎಂದ ಪಂಚರ್.

"ಹಕ್ಕೀದಲ್ಲಪ್ಪ, ಹುಳದ್ದು. ಸೂರ್ಯನ ಕುದುರೆ ನೋಡಿಲ್ವಾ? ಹಸಿರಾಗಿ ಕಡ್ಡಿ ಹಾಗೆ ಇದ್ಕೊಂಡು, ಮುಂದಿನ ಎರಡು ಕಾಲು ಮಡಚಿ ಕೈಮುಗಿದು ನಿಂತಿರುತ್ತಲ್ಲ, ಅದು. ನೊರೆ ಬಿಡ್ತಾ ಬಿಡ್ತಾ ನೊರೆ ಒಳಗೇ ಸಾಲಾಗಿ ಮೊಟ್ಟೆ ಇಡುತ್ತೆ. ಗಾಳಿಗೆ ನೊರೆ ಗಟ್ಟಿ ಆಗಿಬಿಡುತ್ತೆ. ಜಿರಳೆ ಪುಟ್ಟ ಪರ್ಸ್ ಥರ ಮಾಡುತ್ತೆ, ಜೇಡ ನೂಲಿನ ಚೀಲ ಮಾಡುತ್ತೆ, ಇದು ಹೀಗೆ. ಮಳೆ ಬರಲಿ ಬಿಸಿಲು ಬರಲಿ, ಒಳಗಿರೋ ಮರಿಗಳು ಕ್ಷೇಮ."

ಮಾಸ್ಟ್ರು ತಮ್ಮ ಕಷ್ಟ ಮರೆತು ಒಂದು ಗಳಿಗೆ ಅದನ್ನೇ ನೋಡಿದರು. ಸೂಜಿ ಇಲ್ಲ, ದಾರ ಇಲ್ಲ, ಬಿಚ್ಚಲಾಗದ ಹೊಲಿಗೆ. ಅದೂ ಯಾರೂ ಯಾವಾಗ ಎಂದು ಕೇಳದೆ, ಸರಿಯಾದ ಹೊತ್ತಿಗೆ ಮುಗಿಸಿದ ಕೆಲಸ. ಅವರಿಗೆ ಸ್ವಲ್ಪ ನಾಚಿಕೆಯೂ ಆಯಿತು.

"ಒಳಗೆ ಎಷ್ಟಿರಬಹುದಕ್ಕಾ?"

"ನೂರಿರಬಹುದು, ಇನ್ನೂರೂ ಇರಬಹುದು. ಹೊತ್ತು ಬಂದಾಗ ಎಲ್ಲಾ ಒಟ್ಟಿಗೇ ಹೊರಗೆ ಬರ್ತವೆ. ಬೆಚ್ಚಗಿದ್ರೆ ಇನ್ನೂ ಬೇಗ. ಒಂದೂವರೆ ತಿಂಗಳು ಕಿಟಕೀಲಿತ್ತು ಅಂತೀರಿ. ಇವತ್ತೋ ನಾಳೆಯೋ ಅನ್ನೋ ಹಾಗಿದೆ."

ನಾಳೆ ಎಂಬ ಮಾತು ಮಾಸ್ಟ್ರಿಗೆ ಅಷ್ಟು ಇಂಪಾಗಿ ಎಂದೂ ಕೇಳಿಸಿರಲಿಲ್ಲ. ಆದರೆ ಇವತ್ತು ಎಂಬುದೂ ಜೊತೆಗಿತ್ತಲ್ಲ.

ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಹೆಂಡತಿ ಬಂದಳು, ಅವಳ ಹಿಂದೆ ಮಗಳೂ ಬಂದಳು. ವಿಷಯವನ್ನು ನಾಲ್ಕು ಜನ ನಾಲ್ಕು ಥರ ಹೇಳಿದರು. ಪಂಚರ್ ಕೊನೆಗೆ, "ಇನ್ನೇನು ಅತ್ತಿಗೆ, ಬ್ಲೇಡಲ್ಲಿ ಕೆರೆದು ಬಿಸಾಕೋದು. ಹುಳ ತಾನೇ?" ಎಂದ.

"ಬಾಯಿ ಮುಚ್ಚೋ" ಎಂದಳು ಹೆಂಡತಿ. "ಸಾವಿರಾರು ಮಕ್ಕಳನ್ನ ಭೂಮಿಗೆ ತಂದ ಕೈ ಅದು. ಇವಳನ್ನ ನಂಗೆ ಕೊಟ್ಟ ಕೈ. ಆ ಅಮ್ಮನ ಕೋಟಿನ ಮೇಲಿಂದ ಇನ್ನೂರು ಮರಿ ಕೆರೆದು ಹಾಕಿ, ತಗೊಳ್ಳಿ ತಾಯಿ ಅಂತ ಕೊಡೋದಾ?"

ಪಂಚರ್ ಅಷ್ಟರಲ್ಲಿ ತಂದಿಟ್ಟುಕೊಂಡಿದ್ದ ಪೆಟ್ರೋಲ್ ಬಾಟಲಿಯನ್ನು ಬೆನ್ನ ಹಿಂದೆ ಸರಿಸಿದ. ಇಸ್ತ್ರಿ ಮಾಮ ಕೆಮ್ಮಿದರು. ಅವರಿಬ್ಬರೂ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳ ತಂದೆಯರೇ.

"ಹಾಗಾದ್ರೆ ಮುಚ್ಚಳ ಬಿಚ್ಚಿ ಬೇರೆ ಹೊಲೀರಿ ಮಾಸ್ಟ್ರೇ" ಎಂದರು ಮಾಮ.

"ಬಟ್ಟೆ ಎಲ್ಲಿದೆ ಮಾಮ? ಒಂದು ಗೇಣು ಉಳಿದಿತ್ತು, ಎತ್ತಿಟ್ಟಿದ್ದೆ. ಎಲ್ಲಿ ಮಾಯ ಆಯ್ತೋ! ಈ ಬಟ್ಟೆಯ ಒಂದು ಎಳೆಯೂ ಬೇರೆ ಯಾವುದಕ್ಕೂ ಹೋಗಬಾರದು ಅಂತ ಆಣೆ ಮಾಡಿದ್ದೆ."

ಹೆಂಡತಿ ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚತೊಡಗಿದಳು. ಮಗಳು "ಅಪ್ಪಾ, ಆ ತುಂಡು..." ಎಂದು ಬಾಯಿ ತೆರೆದಳು.

"ನೀನು ಹೋಗಿ ತಲೆ ಬಾಚ್ಕೋ" ಎಂದು ತಾಯಿ ಅವಳ ಹೆಗಲು ಹಿಡಿದು ಒಳಗೆ ತಿರುಗಿಸಿದಳು.

ಕೊನೆಗೆ ಮಾಸ್ಟ್ರೇ ದಾರಿ ಕಂಡುಕೊಂಡರು. ಒಳಪದರಕ್ಕೆ ಹಾಕಿದ ರೇಷ್ಮೆ ಒಂದಿಷ್ಟು ಉಳಿದಿತ್ತು. ಅದರಲ್ಲಿ ಒಂದು ಹೂವು ಮಾಡಿ ಗೂಡಿನ ಮೇಲೆ ಕೂರಿಸುವುದು. ನರ್ಸಮ್ಮ ಎರಡು ಗಂಟೆ ಕೋಟು ಹಾಕಿಕೊಂಡು ಸನ್ಮಾನ ಮಾಡಿಸಿಕೊಳ್ಳಲಿ. ಆಮೇಲೆ ಮೆಲ್ಲಗೆ ನಿಜ ಹೇಳಿ ಕೈಮುಗಿದರಾಯಿತು.

"ಸೊಂಟದ ಹತ್ರ ಹೂವಾ?" ಎಂದ ಪಂಚರ್.

"ಈಗಿನ ಫ್ಯಾಷನ್" ಎಂದರು ಮೆಡಿಕಲ್ ಅಕ್ಕ, ಯಾವ ಫ್ಯಾಷನ್ನನ್ನೂ ನೋಡದವರ ಧೈರ್ಯದಿಂದ. "ಉಸಿರಾಡೋಕೆ ಮಾತ್ರ ಜಾಗ ಬಿಡಿ. ಬಿಗಿಯಾಗಿ ಹೊಲೀಬೇಡಿ."

ಮಾಸ್ಟ್ರು ಹೊಲಿದರು. ಐದು ಎಸಳು, ನಡುವೆ ಗುಮ್ಮಟದ ಹಾಗೆ ಟೊಳ್ಳು, ನಾಲ್ಕೇ ನಾಲ್ಕು ಹೊಲಿಗೆ ಹಾಕಿ ನಿಲ್ಲಿಸಿದ ಹೂವು. ಆ ಮೂವರೂ ತಮ್ಮ ತಮ್ಮ ಅಂಗಡಿ ಮರೆತು ಸುತ್ತ ನಿಂತಿದ್ದರು. ಮಾಮ ದಾರ ಪೋಣಿಸಿ ಕೊಟ್ಟರು, ಅಕ್ಕ ಭೂತಗನ್ನಡಿ ಹಿಡಿದರು, ಪಂಚರ್ ಎಲ್ಲರಿಗೂ ಚಹಾ ತರಿಸಿದ. ಹೂವು ಕೂತಾಗ ಮಧ್ಯಾಹ್ನ ಒಂದೂವರೆ. ಮಾಸ್ಟ್ರಿಗೆ ಮೂವರ ಕಾಲಿಗೂ ಬೀಳಬೇಕೆನಿಸಿತು. ಇಂಥ ನೆರೆಹೊರೆ ಯಾರಿಗುಂಟು ಎಂದು ಕಣ್ಣು ತುಂಬಿ ಬಂತು.

"ನೀವು ಹೋಗಿ ಕೂದಲು ಕತ್ತರಿಸ್ಕೊಂಡು ಬನ್ನಿ, ಸ್ನಾನ ಮಾಡಿ" ಎಂದಳು ಹೆಂಡತಿ. "ಮುಖ ಒಂದು ನೋಡೋ ಹಾಗಿಲ್ಲ."

ಕ್ಷೌರ ಮುಗಿಸಿ ಬಂದು ಮಾಸ್ಟ್ರು ಬಚ್ಚಲಿಗೆ ಹೊಕ್ಕಾಗ ಅಂಗಡಿಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಹೆಂಡತಿ ಮಗಳ ಫ್ರಾಕಿಗೆ ಅಂಚು ಹಾಕುತ್ತಿದ್ದಾಳೆ ಎಂದುಕೊಂಡು ಮೈಗೆ ನೀರು ಸುರಿದುಕೊಂಡರು. ಸ್ವಲ್ಪ ಹೊತ್ತಿಗೆ ಹೆಂಡತಿ ಬಾಗಿಲು ಬಡಿದಳು.

"ರೀ, ಮೂರೂವರೆಗೇ ಬನ್ನಿ ಅಂತ ಆಸ್ಪತ್ರೆಯಿಂದ ಹೇಳಿ ಕಳಿಸಿದಾರೆ. ನಾನೂ ಇವಳೂ ಕೋಟು ತಗೊಂಡು ಮುಂದೆ ಹೋಗ್ತೀವಿ. ಅದಕ್ಕೂ ಮುಂಚೆ ನಿಮಗೊಂದು ವಿಷಯ..."

"ಅಲ್ಲೇ ಬಂದಾಗ ಹೇಳುವಂತೆ, ಈಗ ಹೊರಡೇ ಮಾರಾಯ್ತಿ!" ಎಂದು ಮಾಸ್ಟ್ರು ಒಳಗಿಂದ ಕೂಗಿದರು. "ಇವತ್ತೊಂದು ದಿನ ಹೊತ್ತು ಮೀರಬಾರದು!"

ಜೀವಮಾನದಲ್ಲಿ ಅವರು ಅವಸರ ಮಾಡಿದ್ದು ಅದೇ ಮೊದಲು.

ಹೊರಗೆ ಬಂದು ನೋಡಿದರೆ ಕುರ್ಚಿಯ ಮೇಲೆ ಹರಡಿದ್ದ ಬಿಳಿ ಶರ್ಟಿನ ಎದೆಗೆ ಐದು ಬೆರಳಿನ ಕಪ್ಪು ಗುರುತು. ಪಂಚರ್ ತಲೆ ತಗ್ಗಿಸಿ ಮೂಲೆಯಲ್ಲಿ ನಿಂತಿದ್ದ.

"ಕೆಳಗೆ ಬಿದ್ದೀತು ಅಂತ ಎತ್ತಿಟ್ಟೆ ಮಾಸ್ಟ್ರೇ. ಕೈಗೆ ಗ್ರೀಸ್ ಇರೋದು ಮರೆತೇಹೋಯ್ತು."

ದರ್ಜಿಯ ಮನೆಯಲ್ಲಿ ಇನ್ನೊಂದು ಒಳ್ಳೆ ಶರ್ಟು ಇರಬಾರದೇ? ಇರಲಿಲ್ಲ. ತಮ್ಮ ಶರ್ಟನ್ನು ಮಾಸ್ಟ್ರು ತಮಗೇ ನಾಳೆ ನಾಳೆ ಎನ್ನುತ್ತ ನಾಲ್ಕು ವರ್ಷವಾಗಿತ್ತು. ಇಸ್ತ್ರಿ ಮಾಮ ಒಳಗೆ ಹೋಗಿ ಬೀರು ತೆರೆದು, ಮಾಸ್ಟ್ರ ಮದುವೆಯ ಕಂದು ಕೋಟನ್ನು ಹೊತ್ತು ತಂದರು.

"ಇದನ್ನ ಮೇಲೆ ಹಾಕ್ಕೊಂಡ್ರೆ ಕೈಗುರುತು ಮುಚ್ಚಿಹೋಗುತ್ತೆ."

"ಅದು ಹನ್ನೊಂದು ವರ್ಷದಿಂದ ಮೈಗೇರಿಲ್ಲ ಮಾಮ!"

"ಏರಿಸೋಣ ಬನ್ನಿ." ಮಾಮ ಕೋಟನ್ನು ತಮ್ಮ ಮೇಜಿನ ಮೇಲೆ ಹಾಸಿ ಬಿಸಿಬಿಸಿ ಇಸ್ತ್ರಿ ಎಳೆದರು. "ಒಳಜೇಬಲ್ಲಿ ಏನೋ ಗಂಟಿದೆಯಲ್ಲ?"

"ನುಸಿಗುಳಿಗೆ ಇಟ್ಟಿರ್ತಾಳೆ. ಬಿಡಿ, ಹೊತ್ತಾಯ್ತು."

ಮಾಮ ಆ ಜಾಗ ಬಿಟ್ಟು ಸುತ್ತಲೂ ಇಸ್ತ್ರಿ ಮಾಡಿದರು. ಆಮೇಲೆ ಇಬ್ಬರೂ ಸೇರಿ ದಿಂಬಿಗೆ ಗವಸು ತೊಡಿಸುವ ಹಾಗೆ ಮಾಸ್ಟ್ರನ್ನು ಅದರೊಳಗೆ ತುರುಕಿದರು. ಮೂರು ಗುಂಡಿಯೂ ಬಿದ್ದವು, ಆದರೆ ಉಸಿರು ಮಾತ್ರ ಅರ್ಧಕ್ಕೇ ನಿಂತಿತು.

ಹಾಲ್ ತುಂಬಿತ್ತು. ಸೆಕೆಯೂ ತುಂಬಿತ್ತು. ಮೂರನೆಯ ಸಾಲಿನಲ್ಲಿ ಮಾಮ ಮತ್ತು ಪಂಚರ್ ನಡುವೆ ಮಾಸ್ಟ್ರು ನೆಟ್ಟಗೆ ಕೂತರು, ಬಗ್ಗಲು ಕೋಟು ಬಿಡುವಂತಿರಲಿಲ್ಲ. ಅವರ ಹಿಂದೆಯೇ ಮೆಡಿಕಲ್ ಅಕ್ಕ. ವೇದಿಕೆ ಮೇಲೆ ದೊಡ್ಡ ಡಾಕ್ಟರ ಪಕ್ಕದಲ್ಲಿ ನರ್ಸಮ್ಮ. ಬಿಳಿ ಕೂದಲಿಗೆ ಆ ಕಡುನೀಲಿ ಕೋಟು ಎಷ್ಟು ಒಪ್ಪಿತ್ತೆಂದರೆ, ಮಾಸ್ಟ್ರಿಗೆ ತಾವೇ ಹೊಲಿದದ್ದೆಂದು ನಂಬಲಾಗಲಿಲ್ಲ. ಭುಜ ಸರಿಯಾಗಿ ಕೂತಿತ್ತು, ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತ್ತು. ಬಲಜೇಬಿನ ಮೇಲೆ ರೇಷ್ಮೆ ಹೂವು. ಮಾಸ್ಟ್ರ ಕಣ್ಣು ಅಲ್ಲೇ ನೆಟ್ಟಿತು.

"ತಡ್ಕೊಳ್ರಪ್ಪಾ" ಎಂದು ಅವರು ಮನಸ್ಸಿನಲ್ಲೇ ಹೂವಿನೊಳಗಿನವರಿಗೆ ಹೇಳಿದರು. "ಇನ್ನೊಂದು ಗಂಟೆ. ಊರಿಗೆಲ್ಲ ಹೇಳ್ತೀನಿ, ನಿಮಗೂ ಹೇಳ್ತೀನಿ. ನಾಳೆ ಬನ್ನಿ."

ವೇದಿಕೆಯ ಬದಿಯಲ್ಲಿ ಹೂಗುಚ್ಛ ಹಿಡಿದ ಮಗಳ ಜೊತೆ ನಿಂತಿದ್ದ ಹೆಂಡತಿ ಆಗ ಇವರತ್ತ ನೋಡಿದಳು. ನೋಡಿದವಳೇ ಬಿಳಿಚಿಕೊಂಡಳು. ಕೈಯನ್ನು ಎದೆಗೆ ಒತ್ತಿ, ಹೊರಗೆ ಚೆಲ್ಲಿದಳು. ಮತ್ತೆ ಎದೆಗೆ ಒತ್ತಿದಳು, ಮತ್ತೆ ಚೆಲ್ಲಿದಳು. ಪಾಪ, ಇವಳಿಗೂ ಎದೆ ತುಂಬಿ ಬಂದಿದೆ ಎಂದುಕೊಂಡು ಮಾಸ್ಟ್ರು ತಾವೂ ಎದೆಯ ಮೇಲೆ ಕೈಯಿಟ್ಟು ತಲೆದೂಗಿದರು. ಹೆಂಡತಿ ಹಣೆ ಚಚ್ಚಿಕೊಂಡಳು. ಮಗಳು ಏನೋ ಹೇಳಲು ಬಾಯಿ ತೆರೆದಾಗ ಅದನ್ನೂ ಕೈಯಿಂದ ಮುಚ್ಚಿದಳು.

ದೊಡ್ಡ ಡಾಕ್ಟರು ಆಸ್ಪತ್ರೆಗೆ ಇಟ್ಟಿಗೆ ಬಂದ ದಿನದಿಂದ ಭಾಷಣ ಶುರುಮಾಡಿದ್ದರು. ಮಾಸ್ಟ್ರು ಬೆವರತೊಡಗಿದರು. ಹಾಗೆ ಬೆವರುತ್ತಿರುವಾಗ ಎದೆಯ ಎಡಭಾಗದಲ್ಲಿ ಏನೋ ಮೆಲ್ಲಗೆ ಹರಿದಾಡಿದ ಹಾಗಾಯಿತು. ಎಂಟು ವರ್ಷ ಒಳಗಿಟ್ಟುಕೊಂಡ ಕೃತಜ್ಞತೆ ಇದು, ಸುಮ್ಮನಿದ್ದೀತೇ ಎಂದುಕೊಂಡರು. ಅದು ಎದೆಯಿಂದ ಕುತ್ತಿಗೆಗೆ ಹತ್ತಿತು. ಅವರ ಮೈ ಜುಮ್ಮೆಂದಿತು.

ಆಗಲೇ ನರ್ಸಮ್ಮ ಮೈಕಿನ ಮುಂದೆ ಬಂದು, "ಈ ಕೋಟು ಹೊಲಿದ ಪುಣ್ಯಾತ್ಮ ಮೇಲೆ ಬರಬೇಕು" ಎಂದರು.

ಮಾಸ್ಟ್ರು ಮೆಟ್ಟಿಲು ಹತ್ತಿದರು. ಹೆಂಡತಿ ತೋಳು ಹಿಡಿಯಲು ಬಂದಳು, ಪಂಚರ್ ಹಿಂದಿನಿಂದ ತಳ್ಳಿದ್ದರಿಂದ ಅವರು ದಾಟಿಹೋದರು. ಯಾರೋ ಕೈಗೆ ಮೈಕು ಕೊಟ್ಟರು.

"ನಂಗೆ ಮಾತಾಡೋಕೆ ಬರಲ್ಲ" ಎಂದರು ಮಾಸ್ಟ್ರು. "ಹದಿನಾಲ್ಕು ನಿಮಿಷ ನಾನು ಬಾಗಿಲ ಹೊರಗೆ ನಿಂತಿದ್ದೆ. ಒಳಗೆ ಈ ಅಮ್ಮ ನನ್ನ ಮಗಳಿಗೆ ಉಸಿರು ಕೊಡ್ತಾ ಇದ್ರು. ದಿನಾ ರಾತ್ರಿ ಅವಳ ಮಾತು ಕೇಳ್ತಾ ಕೇಳ್ತಾ, ಸಾಕು ಮಲಗೇ ಅಂತ ಬೈತೀನಲ್ಲ, ಆ ಬೈಯೋ ಭಾಗ್ಯ ಕೊಟ್ಟಿದ್ದು ಇವರು. ಒಂದು ಕೋಟಲ್ಲಿ ತೀರೋ ಋಣ ಅಲ್ಲಮ್ಮ ಇದು. ಆದ್ರೂ ತಡ ಆಯ್ತು, ಕ್ಷಮಿಸಿ."

ನರ್ಸಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಎರಡನೆಯ ಸಾಲು ಎದ್ದು ನಿಂತಿತು. ಮಾಸ್ಟ್ರು ಗಕ್ಕನೆ ನರ್ಸಮ್ಮನ ಕಡೆ ತಿರುಗಿದರು. ಹೂವಿನತ್ತ ನೋಡಿದರು. ಹೂವು ಹಾಗೇ ಇತ್ತು, ಒಂದು ಎಸಳೂ ಅಲುಗಿರಲಿಲ್ಲ. ಅಂತೂ ಬದುಕಿದೆ ಎಂದು ಉಸಿರುಬಿಟ್ಟು ಕೆಳಗೆ ನೋಡಿದರೆ, ಮೈಕು ಹಿಡಿದ ತಮ್ಮ ಕೈಯ ಮೇಲೆ ಎಳ್ಳುಕಾಳಿಗಿಂತ ಸ್ವಲ್ಪ ಉದ್ದದ ಏನೋ ಒಂದು, ಮುಂದಿನ ಎರಡು ಕಾಲು ಮಡಚಿ, ಅವರಿಗೇ ಕೈಮುಗಿದು ನಿಂತಿತ್ತು.

ಅದರ ಹಿಂದೆ ಇನ್ನೊಂದು. ತೋಳಿನಿಂದ ಹತ್ತು. ಕಾಲರಿನಿಂದ ಸಾಲುಸಾಲು. ಕೋಟಿನ ಅಂಚಿನಿಂದ ಕಣ್ಣಿಗೆ ಕಾಣದ ನೂಲು ಹಿಡಿದು ಜೋತಾಡುವವು ಕೆಲವು, ಕಿವಿ ಹತ್ತುವವು ಕೆಲವು. ಒಂದು ಮೂಗಿನ ತುದಿಯಲ್ಲಿ ನಿಂತು ಮೈಕಿನತ್ತ ನೋಡುತ್ತಿತ್ತು.

"ಇದು ಹೇಗೆ..." ಎಂದರು ಮಾಸ್ಟ್ರು, ಮೈಕಿನಲ್ಲೇ.

ಮಗಳಿಗೆ ಇನ್ನು ತಡೆಯಲಾಗಲಿಲ್ಲ. ತಾಯಿಯ ಕೈ ಸರಿಸಿ ಒಂದೇ ಉಸಿರಿಗೆ ಕೂಗಿದಳು: "ಅಪ್ಪಾ, ಆ ಮಾಯವಾದ ತುಂಡಲ್ಲಿ ಅಮ್ಮ ನಂಗೆ ಟೋಪಿ ಹೊಲಿದಿದ್ಲು, ನಿಂಗೆ ಹೇಳಬೇಡ ಅಂದಿದ್ಲು, ಇವತ್ತು ಟೋಪಿ ಬಿಚ್ಚಿ ಹೊಸ ಮುಚ್ಚಳ ಮಾಡಿ ಅದರ ಮೇಲೆ ಹೂವು ಕೂರಿಸಿದ್ಲು, ಹಳೇ ಮುಚ್ಚಳಾನ ಗೂಡಿನ ಸಮೇತ ನಿನ್ ಮದುವೆ ಕೋಟಿನ ಒಳಜೇಬಲ್ಲಿಟ್ಲು, ಅದನ್ನ ಯಾರೂ ಮುಟ್ಟಲ್ಲ, ಅಲ್ಲಿ ಮರಿಗಳು ಬೆಚ್ಚಗೆ ಕ್ಷೇಮವಾಗಿರ್ತವೆ ಅಂತ!"

ಜನ ಹೋ ಎಂದು ಎದ್ದರು. ದೊಡ್ಡ ಡಾಕ್ಟರು ಕುರ್ಚಿ ಹತ್ತಿದರು. ನರ್ಸಮ್ಮ ಮಾತ್ರ ಕೋಟಿನ ತೋಳು ಮೇಲಕ್ಕೆ ಮಡಚಿಕೊಂಡು ಮುಂದೆ ಬಂದರು. ಹೆರಿಗೆ ಕೋಣೆಯ ಮೂವತ್ನಾಲ್ಕು ವರ್ಷದ ಗದರಿಕೆ ಒಂದೇ ಮಾತಿನಲ್ಲಿ ಬಂತು.

"ಎಲ್ಲರೂ ಕೂತ್ಕೊಳ್ಳಿ! ಗಾಳಿ ಬಿಡಿ. ಇಲ್ಲಿ ಹೆರಿಗೆ ಆಗ್ತಿದೆ!"

ಹಾಲ್ ಪಟ್ಟನೆ ಕೂತಿತು.

"ಅಲುಗಾಡಬೇಡಪ್ಪ. ಉಸಿರು ಮೆಲ್ಲಗೆ ಬಿಡು" ಎಂದು ಅವರು ಮಾಸ್ಟ್ರ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ಕೋಟನ್ನು ಮರಿಗಳ ಸಮೇತ ಕಳಚಿ, ಕಿಟಕಿಯ ಹೊರಗಿನ ಬಳ್ಳಿಯ ಮೇಲೆ ಹಾಸಿದರು. ಕಿವಿಯಲ್ಲಿದ್ದದ್ದನ್ನು, ಮೂಗಿನ ಮೇಲಿದ್ದದ್ದನ್ನು ಕಾಗದದ ಅಂಚಿನಿಂದ ಎತ್ತಿ ಒಂದೊಂದಾಗಿ ಎಲೆಗಳ ಮೇಲೆ ಬಿಟ್ಟರು. ಮಾಸ್ಟ್ರು ಐದು ಬೆರಳಿನ ಗ್ರೀಸ್ ಗುರುತಿನ ಶರ್ಟಿನಲ್ಲಿ ಊರಿನ ಎದುರು ನಿಂತಿದ್ದರು.

ಹಸಿರುಮರಿಗಳೆಲ್ಲ ಬಳ್ಳಿಯಲ್ಲಿ ಕಾಣೆಯಾದ ಮೇಲೆ ನರ್ಸಮ್ಮ ಕೈ ತೊಳೆದುಕೊಂಡು ಬಂದು ಮೈಕಿನಲ್ಲಿ ಹೇಳಿದರು. "ಎಷ್ಟು ಹೆರಿಗೆ ಮಾಡಿಸಿದೀನೋ ನಂಗೇ ಗೊತ್ತಿಲ್ಲ. ಗಂಡಸಿಗೆ ಮಾಡಿಸಿದ್ದು ಇದೇ ಮೊದಲು. ತಾಯಿ, ಮಕ್ಕಳು ಎಲ್ಲ ಕ್ಷೇಮ."

ನಗು ಮಹಡಿಯ ಮೆಟ್ಟಿಲಿಳಿದು ಬೀದಿಗೆ ಹೋಯಿತು. ಹಿಂದಿನ ಸಾಲಿನಿಂದ ಯಾರೋ "ಬಾಣಂತಿ ಮಾಸ್ಟ್ರು!" ಎಂದು ಕೂಗಿದರು. ನಾಳೆ ಎಂಬ ಹೆಸರನ್ನು ಇವತ್ತು ಹೇಗಾದರೂ ಕಳೆದುಕೊಳ್ಳಬೇಕೆಂದು ಹೊರಟಿದ್ದ ಮಾಸ್ಟ್ರಿಗೆ ಅದರ ಬದಲು ಇದು ಸಿಕ್ಕಿತು.

"ತಮಾಷೆ ಅಲ್ಲ ಕಣಪ್ಪ" ಎಂದು ನರ್ಸಮ್ಮ ಅವರ ಭುಜ ತಟ್ಟಿದರು. "ಕೊನೇ ದಿನ ಬರೀ ಭಾಷಣ ಕೇಳಿ ಮನೆಗೆ ಹೋಗಬೇಕಲ್ಲಾ ಅಂತ ನಂಗೆ ಬೇಜಾರಿತ್ತು. ನನ್ ಕೈಗೆ ಕೆಲಸ ಕೊಟ್ಟೆ. ಇಷ್ಟು ದೊಡ್ಡ ಉಡುಗೊರೆ ಯಾರೂ ಕೊಟ್ಟಿಲ್ಲ. ನಿನ್ನ ಹೆಂಡತೀದೂ ತಾಯಿಕರುಳು, ಬೈಬೇಡ ಅವಳನ್ನ."

ಮಾಸ್ಟ್ರು ಹೆಂಡತಿಯತ್ತ ನೋಡಿದರು. ಅವಳು ಮಗಳಿಗೆ ಹೊಲಿದ ಟೋಪಿಯನ್ನು ಬಿಚ್ಚಿದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಬೈಯುವುದಿರಲಿ, ಅವರಿಗೆ ಆ ಕೈಗಳನ್ನು ಹಿಡಿದುಕೊಳ್ಳಬೇಕೆನಿಸಿತು, ಹಿಡಿದುಕೊಂಡರು. ಇನ್ನೇನು ಎಲ್ಲ ಸುಖವಾಗಿ ಮುಗಿಯಿತು ಎನ್ನುವಷ್ಟರಲ್ಲಿ ನರ್ಸಮ್ಮ "ಹೂವಿನ ಕೆಲಸ ಮುಗೀತಲ್ಲ" ಎಂದು ಅದನ್ನು ಕಿತ್ತು ಮಗಳ ಮುಡಿಗೆ ಸಿಕ್ಕಿಸಿ, ವೇದಿಕೆಯ ದೀಪದ ಕೆಳಗೆ ಬಂದು ನಿಂತರು.

ಕೋಟು ಕಡುನೀಲಿ. ಬಲಜೇಬಿನ ಮುಚ್ಚಳ ಬೂದುನೀಲಿ.

ಅವಸರದಲ್ಲಿ ಹೆಂಡತಿ ತುಂಡನ್ನು ತಲೆಕೆಳಗಾಗಿ ಕತ್ತರಿಸಿದ್ದಳು. ಮಾಸ್ಟ್ರ ಹೊಲಿಗೆಯಲ್ಲಿ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ, ಬೆರಳಿಟ್ಟು ತೋರಿಸುವಂಥದ್ದು ಸಿಕ್ಕಿತ್ತು. ಪಂಚರ್ ಬೆರಳಿಟ್ಟು ತೋರಿಸಿದ ಕೂಡ.

"ಅಮ್ಮಾ, ಬಿಚ್ಚಿ ಕೊಡಿ!" ಎಂದು ಮಾಸ್ಟ್ರು ಕೈಚಾಚಿದರು. "ಇದನ್ನ ಹಾಕ್ಕೊಂಡು ನೀವು ಹೋದ್ರೆ ನಂಗೆ ನಿದ್ದೆ ಬರಲ್ಲ. ಆದ್ರೆ ಬಟ್ಟೆ..." ಬಟ್ಟೆ ಎಲ್ಲಿತ್ತು? ಟೋಪಿಯೂ ಮುಗಿದಿತ್ತು. ಕಿಟಕಿಗೆ ಓಡಿ ಮದುವೆ ಕೋಟಿನ ಒಳಜೇಬಿನಿಂದ ಹಳೆಯ ಮುಚ್ಚಳವನ್ನು ತೆಗೆದರು. ಗೂಡು ಖಾಲಿಯಾಗಿತ್ತು, ಆದರೂ ಬೆಳಗ್ಗಿನಷ್ಟೇ ಭದ್ರವಾಗಿ ಬಟ್ಟೆಯನ್ನು ಕಚ್ಚಿಕೊಂಡಿತ್ತು. ಉಗುರು ಹಾಕಿದರು. ನಾಲ್ಕು ರೋಮ ಬಂತು.

"ಅದಕ್ಕೆ ಕೈ ಹಚ್ಚಬೇಡ" ಎಂದರು ನರ್ಸಮ್ಮ. "ಗೂಡಿನ ಸಮೇತ ಅದನ್ನೇ ಹೊಲಿದು ಕೊಡು. ಇನ್ನೂರು ಮಕ್ಕಳನ್ನ ಕಾಪಾಡಿದ ಮನೆ ಅದು, ನನ್ ಜೊತೆ ಬರ್ಲಿ. ಬೆಳಗ್ಗೆ ಹಾಗೇ ತಂದುಕೊಟ್ಟಿದ್ರೂ ನಾನು ಹಾಗೇ ಹಾಕ್ಕೊಳ್ತಿದ್ದೆ ಕಣಪ್ಪ. ಇಷ್ಟೆಲ್ಲ ಯಾಕೆ ಮಾಡಿದೆ?"

ಮಾಮ, ಪಂಚರ್, ಮೆಡಿಕಲ್ ಅಕ್ಕ ಮೂವರೂ ಸೀಲಿಂಗಿನ ಫ್ಯಾನು ನೋಡತೊಡಗಿದರು.

ನರ್ಸಮ್ಮ ಕೋಟು ಬಿಚ್ಚಿ, ನೀಟಾಗಿ ಮಡಚಿ, ಮಾಸ್ಟ್ರ ತೋಳಿನ ಮೇಲಿಟ್ಟರು. ಎಂಟು ವರ್ಷದ ನಂತರ ಒಂದು ಗಂಟೆ ಕಾಲ ಕೊಟ್ಟಿದ್ದ ಕೋಟು ಮತ್ತೆ ಕೈಗೆ ಬಂದಿತ್ತು.

"ಮಂಗಳವಾರ ಬೆಳಗ್ಗೆ ಹೊರಡ್ತೀನಿ. ನಾಲ್ಕು ಹೊಲಿಗೆ ಕೆಲಸ. ಯಾವಾಗ ಕೊಡ್ತೀಯಾ?"

ಮಾಸ್ಟ್ರು ಹಲ್ಲು ಕಚ್ಚಿ ಹಿಡಿದರು. ಇಡೀ ಹಾಲ್ ಅವರ ಬಾಯನ್ನೇ ನೋಡುತ್ತಿತ್ತು. ಇವತ್ತು ಎನ್ನಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಇಪ್ಪತ್ತು ವರ್ಷದ ನಾಲಿಗೆ ಕೇಳಲಿಲ್ಲ.

"ನಾಳೆ" ಎಂದರು.